ಇಂದಿರೆಯ ಒಪ್ಪಿಗೆ

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂಬುದನ್ನು ವಿದ್ಯಾರ್ಥಿ ದೆಸೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೆವು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಆ ಕೃತಿಯನ್ನು ಪೂರ್ತಿಯಾಗಿ ಓದುವ ಯೋಗ ನನಗೆ ಒದಗಿದ್ದು ಮಾತ್ರ ಐವತ್ತು ದಾಟಿದ ಮೇಲೆ, ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ತಂಗಿದ್ದಾಗ. ಶತಮಾನದ ಹಿಂದಿನ ಕರಾವಳಿಯ ಗದ್ಯ. ಮೊದಲ ಪುಟಗಳಲ್ಲಿ ಓದು ನಿಧಾನವಾಗಿಯೇ ಸಾಗಿತು.

ಕಮಲಪುರದ ಸಿರಿವಂತರ ಮಗಳು ಇಂದಿರೆ. ಎಳವೆಯಲ್ಲಿ ಮದುವೆ, ಬೇಗನೆ ವೈಧವ್ಯ. ಸಂತರೆಂದು ಹೇಳಿಕೊಳ್ಳುವ ಕಪಟಿಗಳ ಸೇವೆಯಲ್ಲಿ ಅವಳು ದಿನ ಕಳೆಯಲಿ ಎಂಬುದು ಹೆತ್ತವರ ಇಚ್ಛೆ. ಅವಳು ಮನೆ ತೊರೆದು ಅಮೃತರಾಯನೆಂಬ ಸಜ್ಜನನ ಆಶ್ರಯ ಸೇರುತ್ತಾಳೆ, ವಿದ್ಯೆ ಕಲಿಯುತ್ತಾಳೆ, ಕೊನೆಗೆ ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರನನ್ನು ವರಿಸುತ್ತಾಳೆ. ವಿಧವೆಯ ಮರುವಿವಾಹಕ್ಕೆ 1856ರ ಕಾನೂನೇ ಸಮ್ಮತಿ ನೀಡಿತ್ತು, ಕುಲಬಾಂಧವರು ನೀಡಿರಲಿಲ್ಲ.

ವಿಧವಾ ವಿವಾಹವನ್ನು ಎತ್ತಿಹಿಡಿಯುವ ಕಥೆ ಎಂದೇ ಪುಸ್ತಕವನ್ನು ಕೈಗೆತ್ತಿಕೊಂಡಿದ್ದೆ. ಆದರೆ ಮನಸ್ಸು ನಿಂತದ್ದು ಮದುವೆಯ ಪ್ರಸಂಗದಲ್ಲಲ್ಲ, ಅವಳು ಹೊಸ್ತಿಲು ದಾಟಿದ ಪ್ರಸಂಗದಲ್ಲಿ. ಜೇನ್ ಆಸ್ಟಿನ್ ಅವರ 1813ರ ಪ್ರಸಿದ್ಧ ಕಾದಂಬರಿಯಲ್ಲಿ ಎಲಿಜಬೆತ್ ತನ್ನನ್ನು ಕೇಳಿಬಂದ ಪಾದ್ರಿಯನ್ನು ಒಲ್ಲೆ ಎನ್ನುತ್ತಾಳೆ. (ಆ ಪಾದ್ರಿಯ ಚಿತ್ರಣ ನಮ್ಮಂಥವರು ಓದಲೇಬೇಕಾದದ್ದು!) ತಾಯಿ ಸಿಡುಕುತ್ತಾಳೆ, ತಂದೆ ಮಗಳ ಪಕ್ಷ ವಹಿಸುತ್ತಾನೆ, ಅವಳು ಅದೇ ಮನೆಯಲ್ಲಿ ಊಟಕ್ಕೆ ಕೂರುತ್ತಾಳೆ. ಇಂದಿರೆಗೆ ಒಲ್ಲೆ ಎಂದ ಮೇಲೆ ಆ ಮನೆಯೇ ಇಲ್ಲ.

ಇಲ್ಲಿಂದ ಬಸವಕಲ್ಯಾಣ ದೂರವೇನಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಹನ್ನೆರಡನೆಯ ಶತಮಾನದಲ್ಲಿ ನಡೆದ ವಿವಾಹ, ಅದಕ್ಕಾಗಿ ಇಬ್ಬರು ತಂದೆಯರೂ ತೆತ್ತ ಪ್ರಾಣ, ಈ ನೆಲದ ಜನರ ನೆನಪಿನಲ್ಲಿ ಇಂದಿಗೂ ಹಸಿರಾಗಿದೆ. ಆ ತಂದೆಯರ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೂ ನಾವು ಕೇಳುತ್ತ ಬಂದ ಕಥನದಲ್ಲಿ ಆ ಮಗಳು ಏನು ಹೇಳಿದಳು? ಬ್ರಾಹ್ಮಣರ ಮನೆಯಿಂದ ಸಮಗಾರರ ಮನೆಗೆ ಹೆಜ್ಜೆಯಿಡಬೇಕಾದವಳು ಅವಳೇ ಅಲ್ಲವೇ? ಮದುವೆಯ ಮಾತಿನಲ್ಲಿ ಹೆಣ್ಣಿನ ಮನದ ಮಾತು ಕೇಳಿಸುವುದಕ್ಕೆ ಕನ್ನಡದ ಕಾದಂಬರಿಯೇ ಹುಟ್ಟಬೇಕಾಯಿತೋ ಏನೋ.

ವಧೂವರರ ಸಮ್ಮತಿಯಿಂದಲೇ ವಿವಾಹ ಉಂಟಾಗುತ್ತದೆ, ಆ ಸಮ್ಮತಿಯ ಕೊರತೆಯನ್ನು ಯಾವ ಮಾನವಶಕ್ತಿಯೂ ತುಂಬಲಾರದು ಎನ್ನುತ್ತದೆ ನಮ್ಮ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1057ನೆಯ ವಿಧಿ. ಅದಕ್ಕೆಂದೇ ಮದುವೆಗೆ ಮುನ್ನ ಗುರುಗಳು ವರನನ್ನೂ ವಧುವನ್ನೂ ಬೇರೆ ಬೇರೆಯಾಗಿ ವಿಚಾರಿಸುತ್ತಾರೆ. ‘ಯಾರ ಒತ್ತಾಯವೂ ಇಲ್ಲವೇ?’ ‘ಇಲ್ಲ, ಫಾದರ್.’ ಅಷ್ಟರಲ್ಲಿ ಕರೆಯೋಲೆ ಅಚ್ಚಾಗಿರುತ್ತದೆ, ಒಡವೆಗೆ ಸಾಲವಾಗಿರುತ್ತದೆ, ಅಪ್ಪ ಹೊರಗಿನ ಬೆಂಚಿನ ಮೇಲೆ ಕಾದಿರುತ್ತಾರೆ. ‘ಇಲ್ಲ’ ಎಂಬ ಆ ಮಾತು ಸುಳ್ಳೆಂದು ಹೇಳಲಾರೆ. ಆದರೆ ಬೇರೆ ಉತ್ತರ ಕೊಟ್ಟಿದ್ದರೆ ಅವಳು ಅಂದು ರಾತ್ರಿ ಯಾರ ಮನೆಯಲ್ಲಿ ಮಲಗುತ್ತಿದ್ದಳು? ಆ ಪ್ರಶ್ನೆ ನಮ್ಮ ನಮೂನೆ ಪತ್ರದಲ್ಲಿಲ್ಲ.

ಕಾದಂಬರಿಯ ಮೇಲೆ ನನ್ನದೊಂದು ತಕರಾರೂ ಇದೆ. ಇಂದಿರೆಯ ದಿಟ್ಟತನಕ್ಕೆ ಬಹುಮಾನವೆಂಬಂತೆ ವೆಂಕಟರಾಯರು ಸಕಲಗುಣಸಂಪನ್ನನಾದ ವರನನ್ನು ತಂದು ನಿಲ್ಲಿಸುತ್ತಾರೆ. ಭಾಸ್ಕರ ಬಾರದೇ ಹೋಗಿದ್ದರೆ ಅವಳು ಮನೆ ಬಿಟ್ಟದ್ದು ತಪ್ಪಾಗುತ್ತಿತ್ತೇ? ನನಗೆ ಹಾಗೆ ತೋರುವುದಿಲ್ಲ. ಭಾಸ್ಕರನಿಗಿಂತ ಅಮೃತರಾಯನೇ ನನಗೆ ದೊಡ್ಡವನಾಗಿ ಕಂಡ. ಅವನು ಅವಳಿಗೆ ವರನನ್ನು ಗೊತ್ತುಮಾಡಿ ಬಾಗಿಲು ತೆರೆದವನಲ್ಲ. ಮೊದಲು ಬಾಗಿಲು ತೆರೆದ. ಊಟ, ಪುಸ್ತಕ, ಮಲಗಲು ಜಾಗ ಕೊಟ್ಟ. ಜಾತಿಯವರ ಸಿಟ್ಟನ್ನು ತಾನು ಎದುರಿಸಿದ. ಮದುವೆಯ ಮಾತು ಬಂದದ್ದು ಆಮೇಲೆ.