ಮೂರ್ಛೆಯಿಂದ ಏಳುವವರು ಯಾರು?

ಗಾಢನಿದ್ದೆಯಲ್ಲಿ ಜೀವ ಬ್ರಹ್ಮದೊಡನೆ ಒಂದಾಗುತ್ತದೆ ಎಂದು ಒಪ್ಪಿಕೊಂಡ ಕೂಡಲೇ ಒಂದು ತೊಡಕು ಎದುರಾಗುತ್ತದೆ. ಬೆಳಗ್ಗೆ ಎದ್ದವನು ರಾತ್ರಿ ಮಲಗಿದವನೇ ಎಂದು ಹೇಳುವುದು ಹೇಗೆ? ಬ್ರಹ್ಮಸೂತ್ರದ ಮೂರನೆಯ ಅಧ್ಯಾಯ, ಎರಡನೆಯ ಪಾದದ ಒಂಬತ್ತನೆಯ ಸೂತ್ರ ಈ ಸಂಶಯವನ್ನೇ ಎತ್ತಿಕೊಂಡಿದೆ. ಅವನೇ ಏಳುತ್ತಾನೆ ಎಂಬುದು ಅದರ ತೀರ್ಮಾನ. ನಿನ್ನೆ ಅರ್ಧಕ್ಕೆ ನಿಂತ ಕೆಲಸವನ್ನು ಎದ್ದವನು ಮುಂದುವರಿಸುತ್ತಾನೆ, ಹಿಂದೆ ಕಂಡದ್ದನ್ನು ನೆನೆಯುತ್ತಾನೆ. ಶ್ರುತಿಯೂ ಹಾಗೆಯೇ ಹೇಳುತ್ತದೆ. ಎದ್ದವನು ಬೇರೆಯವನಾದರೆ ಕರ್ಮದ ವಿಧಿಗಳಿಗೂ ಅರ್ಥ ಉಳಿಯುವುದಿಲ್ಲ. ಮುಂದಿನ ಸೂತ್ರದ ವಿಷಯ ಮೂರ್ಛೆ. ಎಚ್ಚರ, ಕನಸು, ಸುಷುಪ್ತಿ, ಮರಣ ಇವುಗಳಲ್ಲಿ ಯಾವುದಕ್ಕೂ ಅದು ಪೂರ್ತಿ ಸೇರದ ಕಾರಣ, ಅದನ್ನು ಅರ್ಧ ತಲುಪಿದ ಸ್ಥಿತಿ ಎಂದು ಸೂತ್ರಕಾರ ತೀರ್ಮಾನಿಸಿದ್ದಾನೆ.

ಇಲ್ಲಿ ಶಂಕರರ ಭಾಷ್ಯದ ವಿವರಗಳು ಯಾವ ವೈದ್ಯನೂ ಮೆಚ್ಚುವಂಥವು. ನಿದ್ರಿಸುವವನ ಮುಖ ಪ್ರಸನ್ನ, ಉಸಿರು ಒಂದೇ ಸಮ, ಕಣ್ಣು ಮುಚ್ಚಿರುತ್ತದೆ. ಕೈ ತಾಗಿಸಿದರೆ ಸಾಕು, ಏಳುತ್ತಾನೆ. ಮೂರ್ಛೆಹೋದವನು ಕೆಲವೊಮ್ಮೆ ಬಹಳ ಹೊತ್ತು ಉಸಿರಾಡುವುದಿಲ್ಲ, ಮೈ ನಡುಗುತ್ತದೆ, ಮುಖ ಭೀಕರವಾಗಿರುತ್ತದೆ, ಕಣ್ಣು ಬಿಟ್ಟೇ ಇರುತ್ತದೆ. ಮುದ್ಗರದಿಂದ, ಅಂದರೆ ಭಾರವಾದ ಕೊಡತಿಯಿಂದ, ಹೊಡೆದರೂ ಏಳುವುದಿಲ್ಲ. ನಿದ್ದೆಗೆ ಕಾರಣ ದಣಿವು, ಮೂರ್ಛೆಗೆ ಪೆಟ್ಟು. ಹೀಗೆ ಮೂರ್ಛೆಯ ಒಂದರ್ಧ ನಿದ್ದೆಯ ಕಡೆಗೂ ಇನ್ನೊಂದರ್ಧ ಸಾವಿನ ಕಡೆಗೂ ಇದೆ. ಶಂಕರರು ಅದನ್ನು ಸಾವಿನ ಬಾಗಿಲೆಂದೇ ಕಂಡಿದ್ದಾರೆ. ಕರ್ಮ ಉಳಿದಿದ್ದರೆ ಮಾತು, ಮನಸ್ಸು ಮರಳುತ್ತವೆ. ಉಳಿದಿಲ್ಲವಾದರೆ ಉಸಿರೂ ಮೈಯ ಬಿಸಿಯೂ ಹೋಗುತ್ತವೆ. ರಾಮಾನುಜರ ಮಾತು ಇನ್ನೂ ನೇರ. ಅವರ ಪ್ರಕಾರ ಮೂರ್ಛೆಯೆಂದರೆ ಮರಣದತ್ತ ಅರ್ಧ ದಾರಿ.

ಆಪರೇಷನ್‌ಗೆ ಕೊಡುವ ಪೂರ್ಣ ಅರಿವಳಿಕೆ ಈ ನಿದ್ದೆ, ಮೂರ್ಛೆಗಳಲ್ಲಿ ಯಾವುದು? ‘ಅಜ್ಜಿ, ನಿದ್ದೆ ಇಂಜೆಕ್ಷನ್ ಕೊಡ್ತೀವಿ, ಎದ್ದೇಳುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ’ ಎಂಬ ಸಮಾಧಾನದ ಮಾತು ಯಾವ ಊರಿನ ಆಸ್ಪತ್ರೆಯಲ್ಲೂ ಕೇಳಿಬರುತ್ತದೆ. ಆದರೆ ಎಮರಿ ಬ್ರೌನ್, ರಾಲ್ಫ್ ಲಿಡಿಕ್, ನಿಕೊಲಸ್ ಶಿಫ್ 2010ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ವಾದಿಸಿದಂತೆ, ಪೂರ್ಣ ಅರಿವಳಿಕೆ ನಿದ್ದೆಯಲ್ಲ, ಔಷಧದಿಂದ ಬರಿಸಿದ, ಮರಳಿ ಬರಬಹುದಾದ ಕೋಮಾ. ನಿದ್ರಿಸುವವರನ್ನು ಕತ್ತಿಯ ಗಾಯ ಎಬ್ಬಿಸುತ್ತದೆ, ಅರಿವಳಿಕೆಯಲ್ಲಿರುವವರನ್ನು ಎಬ್ಬಿಸುವುದಿಲ್ಲ. ಭಾಷ್ಯದ ಮುದ್ಗರದ ಪರೀಕ್ಷೆ ಇಲ್ಲಿ ಕತ್ತಿಯಿಂದ ನಡೆಯುತ್ತದೆ. ಹಾಗಾಗಿ ಹಳೆಯ ವರ್ಗೀಕರಣದಲ್ಲಿ ಇದಕ್ಕೆ ಜಾಗ ಸುಷುಪ್ತಿಯಲ್ಲಿಲ್ಲ, ಮೂರ್ಛೆಯಲ್ಲಿದೆ.

ಇದು ಬರೀ ತರ್ಕದ ಮಾತಲ್ಲ ಎಂಬುದು ವಯಸ್ಸಾದವರ ರಕ್ತದೊತ್ತಡದಲ್ಲಿ ಗೊತ್ತಾಗುತ್ತದೆ. ಪ್ರೊಪೋಫಾಲ್‌ನಂಥ ಅರಿವಳಿಕೆ ಔಷಧ ರಕ್ತನಾಳಗಳನ್ನು ಸಡಿಲಿಸಿ ಒತ್ತಡ ಇಳಿಸುತ್ತದೆ. ಹರೆಯದ ದೇಹ ಕೂಡಲೇ ಹೃದಯದ ಬಡಿತ ಹೆಚ್ಚಿಸಿ, ನಾಳಗಳನ್ನು ಬಿಗಿದು ಸರಿದೂಗಿಸಲು ನೋಡುತ್ತದೆ. ಎಪ್ಪತ್ತು ದಾಟಿದವರಲ್ಲಿ ಈ ಪ್ರತಿಕ್ರಿಯೆ ಮಂದ, ಧಮನಿಗಳು ಗಡಸು. ಉಪವಾಸದಿಂದ ಮೈಯಲ್ಲಿ ನೀರು ಕಡಿಮೆಯಾಗಿರಬಹುದು, ಬಿ.ಪಿ. ಮಾತ್ರೆಯ ಪ್ರಭಾವವೂ ಇರಬಹುದು. ಕೊಯ್ಯುವುದಕ್ಕೆ ಮೊದಲೇ, ಔಷಧ ಕೊಟ್ಟ ಕೆಲವೇ ನಿಮಿಷಗಳಲ್ಲಿ ಒತ್ತಡ ಕುಸಿಯುವುದು ಹೀಗೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದರೂ ಅಪಾಯ ತಪ್ಪುವುದಿಲ್ಲ, ಅದೂ ನಾಳಗಳನ್ನು ಹಿಗ್ಗಿಸುತ್ತದೆ. ಎಚ್ಚರದಲ್ಲಿದ್ದವರಿಗೆ ಒತ್ತಡ ಇಳಿದರೆ ತಲೆ ಸುತ್ತುತ್ತದೆ, ಕಣ್ಣು ಕತ್ತಲಿಡುತ್ತದೆ. ಬಿದ್ದರೆ ತಲೆ ಹೃದಯದ ಮಟ್ಟಕ್ಕೆ ಬಂದು ಮಿದುಳಿಗೆ ರಕ್ತ ಮತ್ತೆ ಹರಿಯುತ್ತದೆ. ಅರಿವಳಿಕೆಯಲ್ಲಿ ದೇಹಕ್ಕೆ ದೂರು ಹೇಳುವ ದಾರಿಯೇ ಇಲ್ಲ. ಅದರ ಪರವಾಗಿ ನೋಡಬೇಕಾದವರು ಪಕ್ಕದಲ್ಲಿ ಕೂತ ಅರಿವಳಿಕೆ ತಜ್ಞರು.

ಆಪರೇಷನ್ ವೇಳೆ ಸರಾಸರಿ ಒತ್ತಡ 65 ಮಿ.ಮೀ. ಪಾದರಸಕ್ಕಿಂತ ಕೆಳಗೆ ಹೆಚ್ಚು ಹೊತ್ತು ನಿಂತವರಲ್ಲಿ ಹೃದಯಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಹೆಚ್ಚಾಗಿ ಕಂಡುಬಂದಿದೆ. ವರ್ಷಗಟ್ಟಲೆ ಏರಿದ ಒತ್ತಡಕ್ಕೆ ಹೊಂದಿಕೊಂಡ ಮಿದುಳಿಗೆ ಆ ಅಂಕಿಯೂ ಸಾಲದೆ ಹೋಗಬಹುದು. 2008ರ ಪೋಯ್ಸ್ ಎಂಬ ಅಧ್ಯಯನದಲ್ಲಿ ಆಪರೇಷನ್ ಸಮಯಕ್ಕೆ ಬಿ.ಪಿ. ಇಳಿಸುವ ಮೆಟೊಪ್ರೊಲಾಲ್ ಪಡೆದವರಿಗೆ ಹೃದಯಾಘಾತ ಕಡಿಮೆಯಾಯಿತು, ಪಾರ್ಶ್ವವಾಯು ಮತ್ತು ಸಾವು ಹೆಚ್ಚಿದವು. ಇಳಿದ ಒತ್ತಡದ ಕಡೆಗೇ ಸಂಶಯದ ಬೊಟ್ಟು ತಿರುಗಿತು. ಆದರೆ 2022ರ ಪೋಯ್ಸ್-3ರಲ್ಲಿ ಒತ್ತಡ ಇಳಿಯದಂತೆ ವಿಶೇಷ ಎಚ್ಚರ ವಹಿಸಿದರೂ ಹೃದಯ, ರಕ್ತನಾಳಗಳ ತೊಂದರೆ ಕಡಿಮೆಯಾಗಲಿಲ್ಲ. ಇಳಿದ ಒತ್ತಡ ಹಾನಿಗೆ ಕಾರಣವೋ, ದೇಹದ ಕಸುವು ಮೊದಲೇ ಬತ್ತಿರುವುದರ ಕುರುಹೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಶಂಕರರು ಹೇಳುವ ಉಳಿದ ಕರ್ಮವೇ ಈ ಕಸುವು ಎಂದು ಹೊಂದಿಸಿಬಿಡುವ ಉತ್ಸಾಹ ಮಾತ್ರ ಬೇಡ. ಒಂದು ಧರ್ಮದ ಲೆಕ್ಕ, ಇನ್ನೊಂದು ಹೃದಯ, ಮೂತ್ರಪಿಂಡದ ಲೆಕ್ಕ.

ಮಲಗಿದವನೇ ಏಳುತ್ತಾನೆ ಎನ್ನುವ ಒಂಬತ್ತನೆಯ ಸೂತ್ರಕ್ಕೆ ನಿಜವಾದ ಕಷ್ಟ ಬರುವುದು ಆಪರೇಷನ್ ಮುಗಿದ ಮೇಲೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ವೃದ್ಧರಲ್ಲಿ ಡೆಲಿರಿಯಂ ಎಂಬ ಗೊಂದಲ ಅಪರೂಪವಲ್ಲ. ಹಗಲು ರಾತ್ರಿ ತಿಳಿಯುವುದಿಲ್ಲ, ಮಗನನ್ನು ತಮ್ಮನೆಂದು ಕರೆಯುತ್ತಾರೆ, ಕೈಗೆ ಹಾಕಿದ ಸೂಜಿ ಕೀಳುತ್ತಾರೆ. ಸೋಂಕು, ನೋವು, ಔಷಧ, ಮೊದಲೇ ಶುರುವಾಗಿದ್ದ ಮರೆವು ಎಲ್ಲವೂ ಇದಕ್ಕೆ ಕೂಡಿಬರುತ್ತವೆ. ಇಳಿದ ಒತ್ತಡವೂ ಶಂಕಿತರ ಪಟ್ಟಿಯಲ್ಲಿದೆ. ಹೆಚ್ಚಿನವರು ಕೆಲವು ದಿನಗಳಲ್ಲಿ ಸರಿಹೋಗುತ್ತಾರೆ, ಕೆಲವರು ಮೊದಲಿನಂತಾಗುವುದಿಲ್ಲ. ಅಂಥವರಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಮುಂದುವರಿಯುವುದಿಲ್ಲ, ನೆನಪೂ ಹಿಡಿತಕ್ಕೆ ಸಿಗುವುದಿಲ್ಲ. ಅವನೇ ಎದ್ದ ಎನ್ನಲು ಸೂತ್ರ ಕೊಟ್ಟ ಆಧಾರಗಳಲ್ಲಿ ಈ ಎರಡು ಅಲುಗಾಡಿದಂತಾಯಿತು.

ಅದ್ವೈತಿಯ ಬಳಿ ಉತ್ತರ ಸಿದ್ಧವಿದೆ. ನೆನಪು ಅಂತಃಕರಣದ್ದು, ಆತ್ಮದ್ದಲ್ಲ. ಕನ್ನಡಿ ಮಸುಕಾದರೆ ಮುಖ ಕೆಡುವುದಿಲ್ಲ. ತರ್ಕದಲ್ಲಿ ಇದಕ್ಕೆ ಲೋಪವಿಲ್ಲ. ಆದರೆ ಮನೆಯವರು ಕೇಳುತ್ತಿರುವುದು ಆತ್ಮ ಉಳಿಯಿತೇ ಎಂದಲ್ಲ, ಅಜ್ಜಿ ಉಳಿದರೇ ಎಂದು. ಈ ಪ್ರಶ್ನೆಗೆ, ಆತ್ಮ ಬರೀ ಸಾಕ್ಷಿಯೆನ್ನುವ ಸಾಕ್ಷಿಚೈತನ್ಯದ ಸಿದ್ಧಾಂತ ಉತ್ತರ ಕೊಡಲಾರದು, ಕೊಡಲು ಹೊರಟದ್ದೂ ಅಲ್ಲ. ಆ ಉತ್ತರ ವ್ಯಾವಹಾರಿಕ ಜಗತ್ತಿನದು, ಅಲ್ಲಿ ಹೊಣೆಯೂ ವ್ಯಾವಹಾರಿಕವೇ.

ಆ ಹೊಣೆಯ ಮೊದಲ ಭಾಗ ನಿಜ ಹೇಳುವುದು. ಒಪ್ಪಿಗೆ ಪತ್ರಕ್ಕೆ ಮಗನ ಸಹಿ ಪಡೆದು, ತಾಯಿಗೆ ನಿದ್ದೆಯ ಕಥೆ ಹೇಳುವ ಪದ್ಧತಿ ಕರುಣೆಯಂತೆ ಕಂಡರೂ, ಸಾವಿನ ಬಾಗಿಲವರೆಗೆ ಹೋಗಿಬರಬೇಕಾದವರಿಗೇ ದಾರಿಯನ್ನು ಮುಚ್ಚಿಡುತ್ತದೆ. ತಿಳಿವಳಿಕೆ ಸರಿಯಿರುವ ವೃದ್ಧರೊಡನೆ ವೈದ್ಯರು ನೇರವಾಗಿ ಮಾತಾಡಬೇಕು. ದಿನನಿತ್ಯದ ಬಿ.ಪಿ. ಅಂಕಿಗಳನ್ನೂ ಮಾತ್ರೆಗಳ ಪಟ್ಟಿಯನ್ನೂ ಮನೆಯವರು ಅರಿವಳಿಕೆ ತಜ್ಞರಿಗೆ ಮುಂಚೆಯೇ ತೋರಿಸಬೇಕು. ಆ ದಿನ ಬೆಳಗ್ಗೆ ಯಾವ ಮಾತ್ರೆ ನುಂಗಬೇಕು, ಯಾವುದನ್ನು ಬಿಡಬೇಕು ಎಂದು ಅವರನ್ನೇ ಕೇಳಬೇಕು. ಎದ್ದ ಮೇಲೆ ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ತಡಮಾಡದೆ ಕೊಟ್ಟು, ಪರಿಚಿತರೊಬ್ಬರು ಬಳಿಯಲ್ಲಿ ಕೂತು ಮಾತಾಡುತ್ತಿದ್ದರೆ ಗೊಂದಲದ ಸಾಧ್ಯತೆ ಕಡಿಮೆಯಾಗುತ್ತದೆ.