ಕೂಗಾಡುವ ಗಿರಾಕಿಯ ಎದುರು

ಗ್ರಾಹಕನೇ ನಮ್ಮ ಅತಿ ಮುಖ್ಯ ಅತಿಥಿ ಎಂಬರ್ಥದ ಮಾತನ್ನು ಗಾಂಧೀಜಿ ಹೆಸರಿನಲ್ಲಿ ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟ ಅಂಗಡಿಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಅದನ್ನು ಅವರು ಹೇಳಿದರೆಂಬುದಕ್ಕೆ ಅವರ ಬರಹಗಳಲ್ಲಿ ಆಧಾರ ಸಿಕ್ಕಿಲ್ಲ. ಯಾರೇ ಹೇಳಿರಲಿ, ಮಾತೇನೂ ಕೆಟ್ಟದ್ದಲ್ಲ. ಆದರೆ ಆ ಅತಿಥಿಯೇ ಎದುರು ನಿಂತು, "ಏಯ್, ನಿನಗೇನೋ ಗೊತ್ತು? ಕರಿ ನಿಮ್ಮ ಓನರ್‌ನ" ಎಂದು ಗದರಿದರೆ, ಬೆಳಗಿನಿಂದ ನಿಂತೇ ಇರುವ ಸೇಲ್ಸ್ ಹುಡುಗ ಏನು ಮಾಡಬೇಕು?

ನಮ್ಮ ಕಡೆ ಜಗಳ ಹೊತ್ತಿಕೊಳ್ಳುವುದೇ ಏಕವಚನದಿಂದ. "ಮರ್ಯಾದೆ ಕೊಟ್ಟು ಮಾತಾಡಿ" ಎಂದು ಹುಡುಗ ತಿರುಗಿಬಿದ್ದರೆ ಅವನ ತಪ್ಪೇನೂ ಇಲ್ಲ. ಆದರೆ ಆ ಕ್ಷಣದಿಂದ ಸರಕಿನ ವಿಷಯ ಮರೆತುಹೋಗಿ, ಯಾರು ಯಾರಿಗೆ ಏನಂದರು ಎಂಬ ಹೊಸ ಪಂಚಾಯಿತಿ ಶುರುವಾಗುತ್ತದೆ. ನುರಿತವರು ತಮ್ಮ ಬಹುವಚನ ಬಿಡುವುದಿಲ್ಲ, ದನಿಯನ್ನೂ ಏರಿಸುವುದಿಲ್ಲ. "ಬಿಲ್ ಕೊಡಿ ಸಾರ್, ನೋಡೋಣ." ನೀವು ಎನ್ನುತ್ತಲೇ ಇರುವವನನ್ನು ಹತ್ತು ಜನರ ಎದುರು ನೀನು ಎನ್ನುತ್ತಲೇ ಇರುವುದು ಎಂಥ ಜೋರಿನವನಿಗೂ ಕಷ್ಟ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಶನಿವಾರ ಸಂಜೆ, ಚಿಕ್ಕಪೇಟೆಯ ಸೀರೆ ಅಂಗಡಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಾದಿಯ ಮೇಲೆ ಸೀರೆ ಹರಡಿ ಕಾಲಿಡಲು ಜಾಗವಿಲ್ಲ. ಅದರ ನಡುವೆ ಒಬ್ಬರು ಬಂದು ಕವರ್ ಎಸೆದು, "ಎಂಥ ಸೀರೆ ಕೊಟ್ಟಿದ್ದೀರಾ, ದುಡ್ಡು ವಾಪಸ್ ಕೊಡಿ" ಎಂದು ಕೂಗುತ್ತಾರೆ. ತೆಗೆದು ನೋಡಿದರೆ ಫಾಲ್ ಹಾಕಿಸಿ ಆಗಿದೆ, ಬ್ಲೌಸ್ ಪೀಸ್ ಕತ್ತರಿಸಿದೆ. "ಬ್ಲೌಸ್ ಕಟ್ ಮಾಡ್ಸಿದ್ದೀರಲ್ಲ, ಆಗಲ್ಲ" ಎಂಬ ಉತ್ತರ ನಾಲಿಗೆಯ ತುದಿಗೇ ಬಂದು ನಿಂತಿರುತ್ತದೆ. ಅದು ನಿಜವೇ ಇರಬಹುದು. ಮೊದಲ ಮಾತಾಗಿ ಆಡಿದರೆ ಮಾತ್ರ ಬೆಂಕಿಗೆ ತುಪ್ಪ ಸುರಿದಂತೆ.

ಪಳಗಿದ ಸೇಲ್ಸ್ ಹೆಂಗಸು ಹಾಗನ್ನುವುದಿಲ್ಲ. ಮಡಿಸುತ್ತಿದ್ದ ಸೀರೆ ಪಕ್ಕಕ್ಕಿಟ್ಟು, ಟ್ಯೂಬ್‌ಲೈಟಿನ ಕೆಳಗೆ ವಾಪಸ್ ಬಂದ ಸೀರೆಯನ್ನು ಸೆರಗಿನವರೆಗೂ ಬಿಡಿಸಿ, "ಎಲ್ಲಿ ಮೇಡಂ, ತೋರಿಸಿ" ಎನ್ನುತ್ತಾಳೆ. ಎದ್ದ ಎಳೆಯನ್ನು ಬೆರಳು ಹುಡುಕುವಷ್ಟು ಹೊತ್ತು ಬಾಯಿಗೆ ಬಿಡುವು ಸಿಗುತ್ತದೆ. ಆಮೇಲೆ ದೂರನ್ನು ತಾನೇ ಒಮ್ಮೆ ಹೇಳುತ್ತಾಳೆ: "ಸೆರಗಿನ ಹತ್ರ ಜರಿ ಎದ್ದಿದೆ, ಮನೆಗೆ ಹೋದ ಮೇಲೆ ಕಂಡಿದೆ, ಅಲ್ವಾ? ನೇಯ್ಗೆಯಲ್ಲೇ ಹೀಗಿತ್ತಾ ಅಂತ ಓನರ್ ನೋಡಿ ಹೇಳ್ತಾರೆ. ಹತ್ತು ನಿಮಿಷ ಕೂತ್ಕೊಳ್ಳಿ." ಯಾರು ನೋಡುತ್ತಾರೆ, ಎಷ್ಟು ಹೊತ್ತಾಗುತ್ತದೆ ಎಂಬುದಿಷ್ಟೇ ಸಿಟ್ಟಾದವರಿಗೆ ಬೇಕಾದದ್ದು. "ಸಮಾಧಾನ ಮಾಡ್ಕೊಳ್ಳಿ" ಎಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ಅದನ್ನು ಕೇಳಿ ಸಮಾಧಾನವಾದವರನ್ನು ನಾನಂತೂ ಕಂಡಿಲ್ಲ.

ಇಲ್ಲಿ ಕಾನೂನನ್ನೂ ತಿಳಿದಿರಬೇಕು. "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂಬ ಫಲಕ ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಒಪ್ಪಲಿಲ್ಲ ಎಂದು ತಂದವರ ಕಥೆ ಬೇರೆ. ಅಂದರೆ ಕೂಗುವವರ ದನಿ ತಪ್ಪಾಗಿದ್ದು, ವಿಷಯ ಸರಿಯಾಗಿರಬಹುದು. ಎರಡನ್ನೂ ಬೇರೆ ಮಾಡಿ ನೋಡುವ ಅಭ್ಯಾಸ ಒಂದು ಬಂದರೆ ಕೌಂಟರಿನ ಅರ್ಧ ಕಷ್ಟ ಕಳೆಯಿತು.

ಹಾಗೆಂದು ಎಲ್ಲವನ್ನೂ ನುಂಗಬೇಕಾಗಿಲ್ಲ. ಜಾತಿ ಎತ್ತಿ ಬೈದರೆ, ಮೈ ಬಗ್ಗೆ ಅಸಭ್ಯವಾಗಿ ಮಾತಾಡಿದರೆ, ಕೈ ಎತ್ತಿದರೆ ಅಲ್ಲಿಗೆ ವ್ಯಾಪಾರ ಮುಗಿಯಿತು. ಮ್ಯಾನೇಜರನ್ನು ಕರೆಯಿರಿ, ಸಿಸಿಟಿವಿ ದೃಶ್ಯ ತೆಗೆದಿಡಲು ಹೇಳಿ, ಬೇಕಾದರೆ 112ಕ್ಕೆ ಫೋನ್ ಮಾಡಿ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಹೊರಗಿನಿಂದ ಬಂದವರಿಂದಲೂ ರಕ್ಷಣೆ ಕೊಡುವುದು ಮಾಲೀಕರ ಹೊಣೆ ಎಂದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಹೇಳುತ್ತದೆ.

ಬೈಗುಳ ತಿಂದ ಮೇಲೂ ನಗುಮುಖ ಹೊತ್ತುಕೊಳ್ಳುವುದು ಕೂಡ ದುಡಿಮೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ 1983ರಲ್ಲೇ ಇದನ್ನು ಭಾವನೆಯ ದುಡಿಮೆ ಎಂದು ಕರೆದರು. ಅದರ ದಣಿವು ಇಳಿಯದಿದ್ದರೆ ಮುಂದಿನ ಗಿರಾಕಿಗೋ ಮನೆಯ ಮಕ್ಕಳಿಗೋ ತಗಲುತ್ತದೆ. ಜೋರು ಗಲಾಟೆಯ ನಂತರ ಐದು ನಿಮಿಷ ಒಳಗೆ ಹೋಗಿ ನೀರು ಕುಡಿದು ಬನ್ನಿ, ಜೊತೆಯವರಿಗೆ ಹೇಳಿಕೊಳ್ಳಿ. ಆ ಬಿಡುವನ್ನಾಗಲಿ, ಕೂರಲು ಜಾಗವನ್ನಾಗಲಿ ಕೇಳಲು ನಾಚಿಕೆ ಬೇಡ. ಅಂಗಡಿ ಕೆಲಸದವರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೇ ಸೇರಿಸಿವೆ. ಇಡೀ ದಿನ ನಿಂತ ಕಾಲಿಗೆ ತಾಳ್ಮೆ ಉಳಿದಿರುವುದಿಲ್ಲ.

ಕೊನೆಯದಾಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ ಒಂದು ಮಾತು. ಸಿಬ್ಬಂದಿ ಮೆತ್ತಗೆ "ಆಗಲ್ಲ" ಎಂದದ್ದನ್ನು, ಗಿರಾಕಿ ಕೂಗಿದ ಕೂಡಲೇ "ಆಯ್ತು ಬಿಡಿ, ಕೊಡು ಅವರಿಗೆ" ಎಂದು ತಳ್ಳಿಹಾಕಬೇಡಿ. ಕೂಗಿದರೆ ಕೆಲಸ ಆಗುತ್ತದೆಂದು ಊರಿಗೆಲ್ಲ ಕಲಿಸುತ್ತಿರುವವರು ನೀವೇ. ಕೊಡುವುದಾದರೆ ಸುಮ್ಮನೆ ಕೇಳಿದವರಿಗೂ ಕೊಡಿ. ಎಷ್ಟು ರೂಪಾಯಿವರೆಗೆ ತಾನೇ ಬದಲಾಯಿಸಿ ಕೊಡಬಹುದೆಂದು ನಿಮ್ಮ ಸೇಲ್ಸ್ ಹುಡುಗನಿಗೆ ನಾಳೆ ಅಂಗಡಿ ತೆರೆಯುವ ಮುಂಚೆಯೇ ಹೇಳಿಬಿಡಿ.