ಅಕ್ಕಡಿ ಸಾಲು

ಹೋದ ಬೇಸಿಗೆಯ ಒಂದು ಭಾನುವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಬಿ.ಎ., ಬಿ.ಎಡ್. ಮುಗಿಸಿ ನಮ್ಮ ಬಳಿಚಕ್ರದ ಸಮೀಪದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದಾಳೆ. ಸಂಜೆ ಹೊಲಿಗೆ. ಈಗ ವಿಮೆಯ ಏಜೆಂಟಳಾಗುವ ಅವಕಾಶವೂ ಬಂದಿದೆ.

“ಅಕ್ಕೋರ, ಮೂರೂ ಹಿಡೀಲೋ, ಎಲ್ಲಾ ಬಿಟ್ಟು ಕಾಯಂ ನೌಕರಿ ಪರೀಕ್ಷೆಗೆ ಓದಲೋ? ನೀವು ಹೇಳ್ದಂಗ ಮಾಡ್ತೀನ್ರಿ” ಎಂದಳು.

ಚಹಾ ಕೊಟ್ಟೆ, ಉತ್ತರ ಕೊಡಲಾಗಲಿಲ್ಲ. ಇಷ್ಟು ವರ್ಷ ತಿಂಗಳು ತಪ್ಪದೆ ಸಂಬಳ ಎಣಿಸಿದವಳು, ‘ಒಂದೇ ಕೆಲಸ ಹಿಡಿ’ ಎನ್ನುವುದು ಸುಲಭ. ಬೇಸಿಗೆ ರಜೆಯಲ್ಲಿ ಅತಿಥಿ ಶಿಕ್ಷಕರಿಗೆ ಗೌರವಧನವಿಲ್ಲ. ಹೊಟ್ಟೆಗೆ ಮಾತ್ರ ರಜೆಯಿಲ್ಲ.

ಹಲವು ಕೆಲಸಗಳನ್ನು ಒಟ್ಟಿಗೆ ಮಾಡುವುದನ್ನು ಈಗ ಶಹರಗಳಲ್ಲಿ ಹೊಸ ಬದುಕಿನ ರೀತಿ ಎನ್ನುತ್ತಾರೆ. ನಮ್ಮ ಸೀಮೆಯ ಹೆಂಗಸಿಗೆ ಇದರಲ್ಲಿ ಹೊಸದೇನು? ನಸುಕಿನಲ್ಲಿ ದನದ ಚಾಕರಿ, ಹಗಲು ಹತ್ತಿ ಬಿಡಿಸುವ ಕೂಲಿ, ರಾತ್ರಿ ಕೌದಿ. ‘ಇದು ನಿನಗೆ ಒಗ್ಗುತ್ತದೆಯೇ?’ ಎಂದು ಅವಳನ್ನು ಯಾರೂ ಕೇಳಲಿಲ್ಲ. ಈ ಹುಡುಗಿ ಆ ಪ್ರಶ್ನೆಯನ್ನಾದರೂ ಕೇಳಿಕೊಳ್ಳುತ್ತಿದ್ದಾಳಲ್ಲ ಎಂದು ಸಮಾಧಾನವಾಯಿತು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವಳು ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿಗಳು ಅವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳಂತೆ. ಆದರೆ ಈ ಕಥೆಯನ್ನು ಕೊರತೆಯಲ್ಲಿರುವವರ ಮುಂದೆ ಉಪದೇಶವಾಗಿ ಹೇಳುವುದು ತಪ್ಪು. ಲಕ್ಕಮ್ಮ ಕೇಳಿದ್ದು ಬೇಕಾದದ್ದೆಷ್ಟು, ಮಿಕ್ಕಿದ್ದೆಷ್ಟು ಎಂದು. ನನ್ನ ಹುಡುಗಿಗೆ ಇನ್ನೂ ಬೇಕಾದಷ್ಟೇ ಇಲ್ಲ.

ನನ್ನದೂ ಒಂದು ತಪ್ಪಿದೆ. ಕಾಯಂ ಆಗುವ ಮೊದಲು ಶಾಲೆ, ಮನೆಪಾಠ, ಹೊಲಿಗೆ ಮೂರನ್ನೂ ಹೊತ್ತಿದ್ದೆ. ಒಂದು ಮಧ್ಯಾಹ್ನ ಮೂರನೆಯ ತರಗತಿಯ ಹುಡುಗಿಯೊಬ್ಬಳನ್ನು ಓದಲು ನಿಲ್ಲಿಸಿ, ಕುರ್ಚಿಯಲ್ಲೇ ತೂಕಡಿಸಿದೆ. ಕಣ್ಣು ತೆರೆದಾಗ ಆಕೆ ಪುಸ್ತಕ ಮುಚ್ಚಿ ಸುಮ್ಮನೆ ನಿಂತಿದ್ದಳು. ನನ್ನನ್ನು ಎಬ್ಬಿಸಬಾರದೆಂದು! ಆ ಮಗುವಿನ ಕರುಣೆ ನನ್ನನ್ನು ಇಂದಿಗೂ ಚುಚ್ಚುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ಖಾಸಗಿ ಪಾಠವನ್ನು ನಿಷೇಧಿಸಿದಾಗ ಅನೇಕರು ಗೊಣಗಿದರು, ನಾನು ಗೊಣಗಲಿಲ್ಲ.

ಹಾಗಾದರೆ ಹಲವು ಕೆಲಸ ತಪ್ಪೇ? ನಮ್ಮ ಹೊಲಗಳನ್ನು ನೋಡಿ. ತೊಗರಿಯ ನಡುವೆ ಹೆಸರಿನ ಅಕ್ಕಡಿ ಸಾಲು ಬಿತ್ತುತ್ತಾರೆ. ಹೆಸರು ಎಪ್ಪತ್ತು ದಿನಗಳ ಆಸುಪಾಸಿಗೆ ಕೈಗೆ ಬಂದು ಜಾಗ ಬಿಡುತ್ತದೆ. ಆಮೇಲೆ ತೊಗರಿ ಹರಡಿಕೊಳ್ಳುತ್ತದೆ. ಮಳೆ ಕೈಕೊಟ್ಟರೂ ಎರಡರಲ್ಲೊಂದು ಉಳಿದೀತು ಎಂಬ ಧೈರ್ಯ ಬೇರೆ. ಆದರೆ ಎರಡೂ ಒಂದೇ ಹೊತ್ತಿಗೆ ಅದೇ ನೀರು, ಅದೇ ಬಿಸಿಲು ಬೇಡಿದರೆ ಎರಡೂ ಸೊರಗುತ್ತವೆ. ಆದ್ದರಿಂದ ಕೆಲಸಗಳು ಎಷ್ಟು ಎನ್ನುವುದಕ್ಕಿಂತ, ಒಂದು ಇನ್ನೊಂದಕ್ಕೆ ಜಾಗ ಬಿಡುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಅವಳೊಡನೆ ಕೂತು ದಿನದ ಲೆಕ್ಕ ಹಾಕಿದೆ. ಶಾಲೆ ಹಗಲಿಗೆ ಸರಿ. ಹೊಲಿಗೆ, ವಿಮೆಯ ಓಡಾಟ, ಪರೀಕ್ಷೆಯ ಓದು ಮೂರಕ್ಕೂ ಬೇಕಾದದ್ದು ಅದೇ ಸಂಜೆ!

“ವಿಮಾ ಬಿಡ್ತೀನ್ರಿ. ಹೊಲಿಗಿ ಬಿಟ್ರ ಬ್ಯಾಸಗಿ ನಡ್ಯಂಗಿಲ್ಲ” ಎಂದಳು.

“ಮನ್ಯಾಗ ರೊಟ್ಟಿ ಯಾರು ಬಡೀತಾರ?”

“ನಾನಽ ರೀ.”

ಅದು ನಾಲ್ಕನೆಯ ಕೆಲಸ. ಅದನ್ನು ಅವಳೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ. ಮನೆಯಲ್ಲಿ ಅಣ್ಣನಿದ್ದಾನಲ್ಲ ಎಂದೆ.

“ಅಣ್ಣಗ ರೊಟ್ಟಿ ಬಡಿಯಾಕ ಬರಂಗಿಲ್ರೀ” ಎಂದು ನಕ್ಕಳು.

“ನಿನಗರ ಹುಟ್ತಾನ ಬರ್ತಿತ್ತೇನವ್ವ?” ಎಂದೆ. ಅವಳ ನಗು ನಿಂತಿತು. ಲೋಟ ಕೆಳಗಿಟ್ಟು, ಬಹಳ ಹೊತ್ತು ಯೋಚಿಸುತ್ತ ಕೂತಳು.